ಹಿಂದಕ್ಕೆ ಓಡಿದ ಕುರ್ಚಿ

ನೋವನ್ನು ಸುಮ್ಮನೆ ಅನುಭವಿಸುವ ಕಲೆ ನನಗೆ ಒಲಿದಿಲ್ಲ. ಬೆರಳಿಗೆ ಮುಳ್ಳು ಚುಚ್ಚಿದರೂ ನಾಲ್ಕು ಮನೆಗೆ ಗೊತ್ತಾಗಬೇಕು. ಹಾಗಿರುವಾಗ ಬೆನ್ನುನೋವು ಬಂದರೆ ಕೇಳಬೇಕೆ? ಬೈಲಹೊಂಗಲದ ನಮ್ಮ ಓಣಿಯಲ್ಲಿ ನನ್ನ ಸೊಂಟದ ಬಗ್ಗೆ ಮಾತಾಡದವರೇ ಇರಲಿಲ್ಲ. ನಾನು ಮನೆಯಲ್ಲೇ ಕಂಪ್ಯೂಟರ್ ಇಟ್ಟುಕೊಂಡು ಲಗ್ನಪತ್ರಿಕೆ ಮಾಡಿಕೊಡುವವನು. ಮುಂದಿನ ಕೋಣೆಯ ಕಿಟಕಿ ಬಳಿ ನನ್ನ ಮೇಜು, ಬಾಗಿಲ ಬಳಿ ಹೆಂಡತಿ ಕಸ್ತೂರಿಯ ಹೊಲಿಗೆ ಮಷಿನ್ನು. ನಾನು ಪತ್ರಿಕೆ ಮಾಡಿದ ಮದುವೆಗೆ ಜಂಪರು ಹೊಲಿಯುವವಳು ಹೆಚ್ಚಾಗಿ ಅವಳೇ.

‘ಮಾತ್ರೆಗಿಂತ ನಿಮಗ ಒಳ್ಳೆ ಕುರ್ಚಿ ಬೇಕ್ರಿ’ ಎಂದು ಡಾಕ್ಟರು ಹೇಳಿದ್ದೇ ತಡ, ಬೆಳಗಾವಿಯಿಂದ ಒಂದನ್ನು ತರಿಸಿದೆ. ಸೊಂಟಕ್ಕೆ ಆತುಕೊಳ್ಳುವ ಉಬ್ಬು, ಗಾಳಿಯಾಡುವ ಜಾಳಿಗೆಯ ಬೆನ್ನು, ತೋಳಿಗೂ ತಲೆಗೂ ಆಸರೆ, ಏರಿಸಿ ಇಳಿಸಲು ಹಿಡಿಕೆ, ಕೆಳಗೆ ಗಾಲಿಗಳು. ನಮ್ಮವ್ವ ಅದರ ಸುತ್ತ ಒಂದು ಸುತ್ತು ಬಂದು, ‘ಕಟಿಂಗ್ ಅಂಗಡ್ಯಾಗಿಂದು ತಂದೀಯೇನೋ?’ ಎಂದಳು. ನಾನು ಕುಳಿತು, ಪಾದ ನೆಲಕ್ಕೆ ಊರಿ, ಕಣ್ಣನ್ನು ಪರದೆಯ ಮಟ್ಟಕ್ಕೆ ತಂದು, ಕೂರುವ ಶಾಸ್ತ್ರವನ್ನೆಲ್ಲ ಅವಳಿಗೆ ವಿವರಿಸಿದೆ. ವಿವರಿಸುವಾಗಲೇ ಯಾವುದೋ ಹಿಡಿಕೆ ಎಳೆದು, ಮಾಳಿಗೆ ನೋಡುತ್ತ ಮಲಗಿದ್ದೂ ಆಯಿತು.

ಒಂದು ಮಧ್ಯಾಹ್ನ ಮಷಿನ್ನಿನ ಸದ್ದು ತಟ್ಟನೆ ನಿಂತಿತು. ಮನೋಳಿಯ ಮದುಮಗಳ ಜಂಪರನ್ನು ಅವಳು ಆ ಸಂಜೆಯೇ ಕೊಡಬೇಕಿತ್ತು. ತಿರುಗಿ ನೋಡಿದರೆ ಕಸ್ತೂರಿ ತನ್ನ ಕಬ್ಬಿಣದ ಸ್ಟೂಲಿನಿಂದ ಅರ್ಧ ಎದ್ದು ಹಾಗೇ ನಿಂತಿದ್ದಳು. ಏಳಲೂ ಆಗದು, ಕೂರಲೂ ಆಗದು.

‘ಏನಾತು?’ ಎಂದೆ.

‘ನಡ ಹಿಡದೈತ್ರಿ. ದಿನಾ ಹಿಡೀತೈತಿ, ಒಂದೀಟು ನಿಂತ್ರ ಬಿಡತೈತಿ.’

‘ದಿನಾನೂ? ನನಗ ಯಾಕ ಹೇಳಲಿಲ್ಲ?’

‘ನಿಮ್ಮ ನಡದ ಸುದ್ದಿ ಮುಗಿದ ಮ್ಯಾಲ ಹೇಳೂಣು ಅಂತಿದ್ನಿ.’

ಮಾತಿನಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ಜಗಳವಾಡಿ ಹಗುರಾಗಬಹುದಿತ್ತು. ನನ್ನ ಕುರ್ಚಿಯನ್ನು ದೂಡಿಕೊಂಡು ಬಂದು ಅವಳನ್ನು ಮೆಲ್ಲಗೆ ಕೂರಿಸಿ, ಉಬ್ಬನ್ನು ಅವಳ ಬೆನ್ನಿಗೆ ಹೊಂದಿಸಿದೆ. ಅವಳು ಉದ್ದಕ್ಕೆ ಉಸಿರುಬಿಟ್ಟಳು. ‘ಯವ್ವಾ, ಕುಂದ್ರೂದು ಇಷ್ಟ ಹಗೂರ ಇರತೈತೇನ್ರಿ?’

ಆಮೇಲೆ ಪೆಡಲ್ ತುಳಿದಳು. ಕುರ್ಚಿ ಸುಯ್ಯನೆ ಹಿಂದಕ್ಕೆ ಓಡಿತು. ಎಳೆದು ತಂದು ನಿಲ್ಲಿಸಿದೆ. ಮತ್ತೆ ತುಳಿದಳು, ಈ ಸಲ ಅಡುಗೆಮನೆಯ ಹೊಸ್ತಿಲ ತನಕ ಹೋದಳು. ಒಳಗೆ ರೊಟ್ಟಿ ಬಡಿಯುತ್ತಿದ್ದ ಅವ್ವ, ‘ಹೊಲ್ಯಾಕ ಕುಂತೀಯೋ, ತವರಮನಿಗೆ ಹೊಂಟೀಯೋ?’ ಎಂದಳು. ಕಸ್ತೂರಿ ಸೊಂಟ ಹಿಡಿದುಕೊಂಡೇ ನಗತೊಡಗಿದಳು. ಬೇರೆ ದಾರಿ ಕಾಣದೆ ನಾನು ಹಿಂದೆ ನಿಂತು ಕುರ್ಚಿಯನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದೆ. ‘ಬಿಡಬ್ಯಾಡ್ರಿ ಮತ್ತ, ತೋಳಿನ ಹೊಲಿಗಿ ಐತಿ’ ಎಂದಳು. ‘ಬಿಡೂದಿಲ್ಲ, ಹೊಲಿ’ ಎಂದೆ. ಸಂಜೆಯ ತನಕ ಹಾಗೆಯೇ ನಿಂತೆ. ಜರಿಯ ಬಟ್ಟೆ ಸೂಜಿಯ ಕೆಳಗೆ ಹೇಗೆ ಹೊರಳುತ್ತದೆ, ಅದಕ್ಕಾಗಿ ಅವಳು ಕುತ್ತಿಗೆಯನ್ನು ಎಷ್ಟು ಬಗ್ಗಿಸಬೇಕು ಎಂಬುದನ್ನು ಅಷ್ಟು ಹತ್ತಿರದಿಂದ ನಾನು ಎಂದೂ ನೋಡಿರಲಿಲ್ಲ. ಮನೋಳಿಯವರು ಬಂದಾಗ ಅವಳು ಕೊನೆಯ ಹುಕ್ಕು ಹಾಕುತ್ತಿದ್ದಳು.

ಮರುದಿನ ಗಾಲಿಗಳನ್ನು ಕಿತ್ತು, ಕುರ್ಚಿಯನ್ನು ಒಂದಿಷ್ಟು ಏರಿಸಿ, ಮಷಿನ್ನಿನ ಮುಂದೆಯೇ ಇಟ್ಟೆ. ‘ನಿಮಗ?’ ಎಂದಳು. ‘ಲಗ್ನದ ಸೀಜನ್ ಮುಗೀಲಿ, ಇನ್ನೊಂದು ತರೂಣು’ ಎಂದೆ. ಅಲ್ಲಿಯವರೆಗೆ ಸ್ಟೂಲು ನನಗೆ.

ಹೋದ ವಾರ ಸವದತ್ತಿಯ ಹಿರಿಯರೊಬ್ಬರು ಪತ್ರಿಕೆ ಮಾಡಿಸಲು ಬಂದರು. ದೊಡ್ಡ ಕುರ್ಚಿಯಲ್ಲಿದ್ದ ಕಸ್ತೂರಿಗೆ ಕೈಮುಗಿದು, ‘ಮಾಲಕರು ನೀವ ಏನ್ರಿ?’ ಎಂದರು. ಅವಳು ದಾರವನ್ನು ಹಲ್ಲಿನಿಂದ ಕಡಿದು, ನನ್ನ ಕಡೆ ಕೈ ತೋರಿಸಿ, ‘ಹೌದ್ರಿ. ಪತ್ರಿಕಾದ ಕೆಲಸ ಅವರು ಮಾಡ್ತಾರ, ಅವರಿಗೆ ಹೇಳ್ರಿ’ ಎಂದಳು. ಹಿರಿಯರು ಸ್ಟೂಲಿನ ಮೇಲಿದ್ದ ನನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದರು.

‘ಎಷ್ಟ ವರ್ಷ ಆತಪಾ, ಇವರ ಕಡೆ ಕೆಲಸಕ್ಕ ಸೇರಿ?’

ಮದುವೆಯಾಗಿ ಎಷ್ಟು ವರ್ಷವಾಯಿತೆಂದು ಬೆರಳೆಣಿಸಿ, ಹೇಳಿದೆ.