ನನ್ನಿಂದಾದ ವಿಮಾನ ಜೀರ್ಣೋದ್ಧಾರ

ಬೈಲಹೊಂಗಲದಲ್ಲಿ ನನ್ನದೊಂದು ಟ್ರ್ಯಾಕ್ಟರ್ ಸಾಮಾನಿನ ಅಂಗಡಿ. ಬಿಚ್ಚಿದ್ದನ್ನು ಕೂಡಿಸುವುದು ನನಗೆ ಹುಟ್ಟಿನಿಂದ ಬಂದ ವಿದ್ಯೆ ಎಂಬುದು ನನ್ನ ದೃಢ ನಂಬಿಕೆಯಾಗಿತ್ತು. ಮನೆಯ ಮಿಕ್ಸರ್, ಗೋಡೆ ಗಡಿಯಾರ, ಹೆಂಡತಿಯ ಹೊಲಿಗೆ ಯಂತ್ರ ಈ ನಂಬಿಕೆಗೆ ಬಲಿಯಾಗಿದ್ದವು. ಆದರೂ ನಂಬಿಕೆಗೆ ಒಂದು ಗೀರೂ ಬಿದ್ದಿರಲಿಲ್ಲ!

ಹೆಂಡತಿ ಶಾಂತಾಳ ತವರು ಮುರಗೋಡದ ಕಡೆ. ಅಲ್ಲಿಯ ಒಂದು ಎರೆಹೊಲದಲ್ಲಿ ಮಹಾಯುದ್ಧದ ಕಾಲಕ್ಕೆ ಸೈನ್ಯದ ವಿಮಾನವೊಂದು ಬಿದ್ದಿತ್ತು. ಇಂಜಿನ್ನನ್ನು ಸರಕಾರದವರು ಒಯ್ದರು, ಉಳಿದದ್ದನ್ನು ಊರವರು ಒಯ್ದರು. ಇಷ್ಟು ಕಥೆಯನ್ನು ನಾನು ಮದುವೆಯಾದ ಹೊಸತರಲ್ಲೇ ಕೇಳಿದ್ದೆ. ತೊಂಬತ್ತರ ದಶಕ ಮುಗಿಯುತ್ತ ಬಂದಾಗ, ಬೆಳಗಾವಿಯಲ್ಲಿದ್ದ ವಾಯುಸೇನೆಯ ನಿವೃತ್ತ ಅಧಿಕಾರಿಯೊಬ್ಬರು ಟ್ರ್ಯಾಕ್ಟರ್ ಸಾಮಾನಿಗೆಂದು ನನ್ನ ಅಂಗಡಿಗೆ ಬಂದರು. ಮಾತಿಗೆ ಮಾತು ಬಂದು ವಿಮಾನದ ಸುದ್ದಿ ಹೇಳಿದೆ. ಅವರ ಕಣ್ಣು ಅರಳಿತು. ನನ್ನ ಬಾಯಿಯೂ ಅರಳಿತು. "ಪೂರಾ ಕೂಡಿಸಿ ನಿಂದರಸ್ತೇನ್ರಿ, ನೀವ ಬಂದ ನೋಡ್ರಿ" ಎಂದುಬಿಟ್ಟೆ.

ಅಂದಿನಿಂದ ವಿಮಾನದ ಶೋಧ ಶುರುವಾಯಿತು. ರೆಕ್ಕೆಯ ತಗಡು ಒಬ್ಬರ ದನದ ಗೋದಲಿಗೆ ಚಾವಣಿಯಾಗಿತ್ತು. ಹಿಂದಿನ ಗಾಲಿ ಸವದತ್ತಿಯ ಭಜಿ ಗಾಡಿಗೆ ಹೋಗಿತ್ತು. ಪೈಲಟ್ ಕೂಡುವ ಸೀಟಿನ ಮೇಲೆ ಊರ ಕ್ಷೌರಿಕ ಎರಡು ತಲೆಮಾರಿನ ಗಡ್ಡ ಬೋಳಿಸಿದ್ದ. ಯಾರೂ ಸುಮ್ಮನೆ ಕೊಡಲಿಲ್ಲ. ಬದಲಿಗೆ ಏನಾದರೂ ಕೊಡಬೇಕಿತ್ತು. ನಮ್ಮ ಬಚ್ಚಲಿನ ಮೇಲಿನ ತಗಡು ಗೋದಲಿಗೆ ಹೋಯಿತು. ಮಗನ ಸೈಕಲ್ಲಿನ ಗಾಲಿ ಭಜಿ ಗಾಡಿಗೆ ಹೋಯಿತು. ನನ್ನ ಮಾವ ಮದುವೆಯಲ್ಲಿ ಕೊಟ್ಟ ಆರಾಮ ಕುರ್ಚಿ ಕ್ಷೌರದ ಅಂಗಡಿಯನ್ನು ಅಲಂಕರಿಸಿತು.

ಮಳೆ ಬಂದ ದಿನ ಶಾಂತಾ ಕೊಡೆ ಹಿಡಿದು ಸ್ನಾನ ಮಾಡಿ ಹೊರಗೆ ಬಂದು ಒಂದೇ ಮಾತು ಹೇಳಿದಳು.

"ವಿಮಾನ ಕೂಡಾಕತ್ತೈತಿ, ಮನಿ ಬಿಚ್ಚಾಕತ್ತೈತ್ರಿ."

ಇತಿಹಾಸಕ್ಕಾಗಿ ಸಂಸಾರ ತ್ಯಾಗ ಮಾಡಬೇಕಾಗುತ್ತದೆ ಎಂದು ನಾನು ಗಂಭೀರವಾಗಿ ಉತ್ತರಿಸಿದೆ. ಅಂದು ಊಟಕ್ಕೆ ಬರೀ ಮಜ್ಜಿಗೆ!

ಅಂಗಡಿಯ ಹಿಂದಿನ ಅಂಗಳದಲ್ಲಿ ವಿಮಾನ ಎದ್ದು ನಿಂತಿತು. ದಾರಿಯಲ್ಲಿ ಹೋಗುವ ರೈತರು ಇದು ಯಾವ ಕಂಪನಿಯ ಬಿತ್ತುವ ಕೂರಿಗೆ ಎಂದು ಕೇಳತೊಡಗಿದರು. ಮೂತಿಗೆ ಪಂಖ ಇಲ್ಲದ್ದರಿಂದಲೇ ಹಾಗೆ ಕಾಣುತ್ತದೆ ಎಂದು ನಾನು ತೀರ್ಮಾನಿಸಿದೆ.

ಪಂಖದ ಒಂದು ಅಲಗು ಎಲ್ಲಿದೆ ಎಂಬುದು ನನಗೆ ಗೊತ್ತಿತ್ತು. ವಿಮಾನ ಬಿದ್ದ ಹೊಲದ ನಡುವೆಯೇ ಅದನ್ನು ನೆಟ್ಟಿದ್ದರು. ಬುಡಕ್ಕೆ ನಾಲ್ಕು ಕಲ್ಲು, ಮೈಗೆ ಸುಣ್ಣ, ಮೇಲೆ ವಿಭೂತಿ. ಹೊಲ ನೀಲವ್ವ ಎಂಬ ಮುದುಕಿಯದು. ಆಕೆ ಕಟಕೋಳದ ಮಗಳ ಮನೆಗೆ ಹೋಗಿ ವರ್ಷವಾಗಿತ್ತು. ಹೊಲವನ್ನು ಲಾವಣಿಗೆ, ಅಂದರೆ ಗೇಣಿಗೆ, ಮಾಡುತ್ತಿದ್ದವನು ನನ್ನ ಹೆಂಡತಿಯ ತಮ್ಮ ಬಸು. ಅದು ಹೊಲದ ದೇವರು, ಮುಟ್ಟಬಾರದು ಎಂದು ಬಸು ಅಂಜಿದ. ನಾನೇನು ನಾಸ್ತಿಕನಲ್ಲ. ದೇವರ ಅಪ್ಪಣೆ ಪಡೆದೇ ಕೀಳೋಣ ಎಂದೆ.

ನಮ್ಮಲ್ಲಿ ದೇವರ ಅಪ್ಪಣೆ ಕೇಳುವ ರೀತಿ ಎಲ್ಲರಿಗೂ ಗೊತ್ತಿದ್ದದ್ದೇ. ಎಡಕ್ಕೊಂದು ಬಲಕ್ಕೊಂದು ಹೂ ಹಚ್ಚಿ ಕೈಮುಗಿದು ನಿಲ್ಲಬೇಕು. ಬಲಗಡೆಯ ಹೂ ಬಿದ್ದರೆ ದೇವರು ಒಪ್ಪಿದಂತೆ. ನಾನು ಕಾಯಿ ಒಡೆದು ಹೂ ಹಚ್ಚಿದೆ. ಎಡಗಡೆಯ ಹೂವನ್ನು ನೀರು ಚಿಮುಕಿಸಿ ಒತ್ತಿ ಹಚ್ಚಿದ್ದೆ, ಬಲಗಡೆಯದನ್ನು ಸ್ವಲ್ಪ ಸಡಿಲಾಗಿ. ದೇವರಿಗೆ ತೊಂದರೆ ಕೊಡಬಾರದಲ್ಲ! ಗಾಳಿ ಬೀಸಿತು, ಬಲಗಡೆಯ ಹೂ ಬಿತ್ತು. ಬಸು ಅಡ್ಡಬಿದ್ದ. ಟ್ರ್ಯಾಕ್ಟರಿಗೆ ಸರಪಳಿ ಕಟ್ಟಿ ಅಲಗನ್ನು ಎಳೆದೆವು.

ನಾನು ಅದಕ್ಕೆ ಬೆಳ್ಳಿ ಬಣ್ಣ ಹೊಡೆದು ವಿಮಾನದ ಮೂತಿಗೆ ಕೂಡಿಸಿದೆ. ಆ ಕಡೆ ಬಸು, ಹೊಲದ ನಡುವಿನ ಅಡ್ಡಿ ಹೋಯಿತೆಂದು ಖುಷಿಯಾಗಿ, ಕಲ್ಲುಗಳನ್ನು ಬದುವಿಗೆ ಎಸೆದು ಇಡೀ ಹೊಲವನ್ನು ನೇಗಿಲು ಹೊಡೆದು ಸಾಪಾಗಿ ಹರಗಿಬಿಟ್ಟ. ಹಿಂಗಾರಿ ಜೋಳಕ್ಕೆ ಹೊಲ ತಯಾರಾಯಿತು.

ಹಿರಿಯರಿಗೆ ಎಡೆ ಇಡುವ ಮಹಾನವಮಿ ಅಮಾವಾಸ್ಯೆಗೆ ನೀಲವ್ವ ಕಟಕೋಳದಿಂದ ಬಂದಳು. ಹೊಲಕ್ಕೆ ಹೋಗಿ ನೋಡಿ, ಅಲ್ಲಿಂದ ಬಸುವನ್ನು ಕರೆದುಕೊಂಡು ನೆಟ್ಟಗೆ ನಮ್ಮ ಅಂಗಳಕ್ಕೇ ಬಂದಳು. ಕೈಯಲ್ಲಿ ಎಡೆಯ ಬುಟ್ಟಿ ಹಾಗೇ ಇತ್ತು. ಫಳಫಳ ಹೊಳೆಯುವ ಅಲಗನ್ನು ಕೈಯಿಂದ ಸವರಿದಳು. ದೇವರು ಹೂ ಕೊಟ್ಟ ಮೇಲೆಯೇ ತಂದದ್ದು ಎಂದು ನಾನು ಒಂದು ಸಣ್ಣ ಭಾಷಣ ಶುರುಮಾಡಿದೆ.

"ಅಂವ ಏನ ದೇವರೇನ್ರಿ ಅಳಿಯಾರ, ಹೂ ಕೊಡಾಕ? ಅಂವ ಸತ್ತ ಮನಷ್ಯಾ" ಎಂದಳು.

ಆಮೇಲೆ ಶಾಂತಾ ಕೊಟ್ಟ ನೀರು ಕುಡಿದು ಎಲ್ಲ ಹೇಳಿದಳು. ವಿಮಾನ ಬಿದ್ದಾಗ ಆಕೆ ಹೊಸ ಸೊಸೆ. ಆಕೆಯ ಮಾವ ಉರಿಯೊಳಗಿಂದ ಪೈಲಟನನ್ನು ಎಳೆದಾಗ ಅವನಿಗೆ ಇನ್ನೂ ಜೀವವಿತ್ತು. ಆಕೆಯೇ ಬಾಯಿಗೆ ನೀರು ಬಿಟ್ಟಳು. ಒಂದು ಗುಟುಕು ಒಳಗೆ ಹೋಯಿತು, ಮುಂದಿನದು ಹೊರಗೇ ಉಳಿಯಿತು. ಯಾವ ಕುಲವೋ, ಯಾವ ದೇಶವೋ ಯಾರಿಗೂ ತಿಳಿಯಲಿಲ್ಲ. ಸುಡಬೇಕೋ ಹೂಳಬೇಕೋ ಎಂದು ಹಿರಿಯರು ಕೂತು ವಿಚಾರ ಮಾಡುವಾಗ ಆಕೆಯ ಮಾವ, "ಒಮ್ಮಿ ಸುಟ್ಟಾನ, ಮತ್ತ ಯಾಕ ಸುಡೂದು? ಮಣ್ಣ ಕೊಡೂಣು" ಎಂದರಂತೆ. ತಮ್ಮವರಿಗೆ ಮಾಡುವ ಹಾಗೆಯೇ ಹಣೆಗೆ ವಿಭೂತಿ ಹಚ್ಚಿ, ಹೊಲದಲ್ಲೇ ಕುಣಿ ತೋಡಿ ಕೂಡಿಸಿ, ಮಣ್ಣು ಕೊಟ್ಟರು. ಇಂಜಿನ್ ಒಯ್ಯಲು ಬಂದವರು ಅವನ ಸುದ್ದಿ ಬರೆದುಕೊಂಡು ಹೋದರು. ಮತ್ತೆ ಬಂದು ಒಯ್ಯುತ್ತೇವೆ ಎಂದವರು ಬರಲೇ ಇಲ್ಲ.

"ಅವನ ಮಂದಿ ಯಾವಾಗರೆ ಬಂದ್ರ ತೋರಸ್ಬೇಕಂತ ನಮ್ಮ ಮಾವ ಇದನ್ನ ನೆಟ್ಟ. ಮಾವ ಹೋದ ಮ್ಯಾಲೆ ನಾ ಕಾಯಾಕತ್ತಿದ್ನಿ."

ಶಾಂತಾ ನನ್ನನ್ನು ಬಯ್ಯಲಿಲ್ಲ, ಅಪರೂಪದ ಸಂಗತಿ. ಬೈದಿದ್ದರೆ ಸ್ವಲ್ಪ ಹಗುರಾಗುತ್ತಿತ್ತು.

ಆ ಮಧ್ಯಾಹ್ನವೇ ಅಲಗನ್ನು ಬಿಚ್ಚಿ ಹೊಲಕ್ಕೆ ಹೊತ್ತೆವು. ಎಲ್ಲಿ ನೆಡುವುದು? ಇಡೀ ಹೊಲ ಹರಗಿದ ಕರಿಮಣ್ಣು. ನಾನು ಒಂದು ಕಡೆ ತೋರಿಸಿದೆ, ಬಸು ಇನ್ನೊಂದು ಕಡೆ. ನೀಲವ್ವ ಮಂಜುಗಣ್ಣಿನಲ್ಲಿ ಅತ್ತ ನಡೆದು "ಇಲ್ಲೇ" ಎಂದಳು, ಇತ್ತ ಬಂದು "ಅಲ್ಲ" ಎಂದಳು. ಅಗೆದು ನೋಡೋಣವೇ ಎಂದು ಬಸು ಕೇಳಿದ. ಮಣ್ಣು ಕೊಟ್ಟವನನ್ನು ಕೆದರಬಾರದು ಎಂದು ಆಕೆ ಬದುವಿನ ಮೇಲೆ ಕೂತುಬಿಟ್ಟಳು. ಅವಳ ಬುಟ್ಟಿಯ ಹೋಳಿಗೆ ತಣ್ಣಗಾಗಿತ್ತು. ಕೊನೆಗೆ ಅಲಗನ್ನು ಬದುವಿನಲ್ಲೇ ನೆಟ್ಟೆವು. ಬೆಳ್ಳಿ ಬಣ್ಣಕ್ಕೆ ಬಿಸಿಲು ಬಿದ್ದು ಕಣ್ಣು ಕುಕ್ಕುತ್ತಿತ್ತು.

ಮುಂದಿನ ವಾರ ಅಧಿಕಾರಿ ಬಂದರು. ನನ್ನ ವಿಮಾನವನ್ನು ಒಂದು ಸುತ್ತು ಹಾಕಿದರು. ಸೀಟಿನ ಮುಂದೆ ನಿಂತು, ಇದರಲ್ಲಿದ್ದ ಹುಡುಗ ಏನಾದ ಎಂದು ಕೇಳಿದರು. ಅವರು ಕೇಳಿದ್ದು ಅದೊಂದೇ ಪ್ರಶ್ನೆ. ಐವತ್ತು ವರ್ಷಕ್ಕೂ ಮೇಲೆ ಒಂದು ಮನೆತನ ಅದೇ ಪ್ರಶ್ನೆಗೆ ಉತ್ತರವನ್ನು ಕಾಯ್ದಿಟ್ಟಿತ್ತು. ನಾನು ಅದನ್ನು ಕಿತ್ತು ತಂದು ಬಣ್ಣ ಹೊಡೆದಿದ್ದೆ!

ಹೊಲಕ್ಕೆ ಕರೆದೊಯ್ದೆ. ಅವರು ಬದುವಿನ ಮೇಲೆ ನೆಟ್ಟಗೆ ನಿಂತು ಹೊಲಕ್ಕೆ ಸೆಲ್ಯೂಟ್ ಹೊಡೆದರು. ನೀಲವ್ವ ಮೆಲ್ಲಗೆ, "ಆ ಕಡೆ ಇರಬೇಕ್ರಿ ಸಾಹೇಬ್ರ" ಎಂದಳು. ಅವರು ಆ ಕಡೆ ತಿರುಗಿ ಮತ್ತೊಮ್ಮೆ ಹೊಡೆದರು. ಬಸು ಇನ್ನೊಂದು ದಿಕ್ಕು ಹೇಳಿದ. ಪುಣ್ಯಾತ್ಮ ಅಲ್ಲಿಗೂ ಹೊಡೆದರು. ನಗುವಂಥ ದೃಶ್ಯವೇ. ಯಾರೂ ನಗಲಿಲ್ಲ.

ವಿಮಾನದ ಸಾಮಾನು ಮತ್ತೆ ಚದುರಿತು. ಕ್ಷೌರಿಕ ಸೀಟನ್ನು ವಾಪಸು ಒಯ್ದ, ಕುರ್ಚಿಯನ್ನು ಮಾತ್ರ ಕೊಡಲಿಲ್ಲ. ಈಗ ಮಹಾನವಮಿ ಅಮಾವಾಸ್ಯೆಗೆ ನೀಲವ್ವ ಹೊಲದ ತುಂಬ ಅಲ್ಲಲ್ಲಿ ಎಡೆ ಇಡಿಸುತ್ತಾಳೆ, ಒಂದಾದರೂ ಅವನಿಗೆ ಮುಟ್ಟಲಿ ಎಂದು. ಬುಟ್ಟಿ ಹೊರುವವನು ನಾನೇ. ಎಲ್ಲಿ ಅವನನ್ನು ತುಳಿಯುತ್ತೇನೋ ಎಂದು ಚಪ್ಪಲಿ ಕೈಯಲ್ಲಿ ಹಿಡಿದು, ಒಂದೊಂದೇ ಹೆಜ್ಜೆ ನೋಡಿ ಇಡುತ್ತೇನೆ. ಬದುವಿನ ಮೇಲೆ ನಿಂತ ಶಾಂತಾ ವರ್ಷವೂ ಅದೇ ಮಾತು ಹೇಳುತ್ತಾಳೆ:

"ಹೂ ಹಚ್ಚಿ ಕೇಳ್ರಲಾ, ಎಲ್ಲ್ಯದಾನಂತ."