ಮಂಚಕ್ಕಾಗಿ ಒಂದು ಮತ

ಬೇಕರಿಯವನಿಗೆ ಮತ ಹಾಕುವ ಹುಚ್ಚು ಹತ್ತಿದ್ದು ದೇಶದ ಮೇಲಿನ ಪ್ರೀತಿಯಿಂದಲ್ಲ, ತನ್ನ ಮಂಚದ ಮೇಲಿನ ಪ್ರೀತಿಯಿಂದ. ರಾತ್ರಿಯಿಡೀ ಒಲೆಯ ಮುಂದೆ ಬೆಂದು ನಸುಕಿನಲ್ಲಿ ಮನೆಗೆ ಬಂದರೆ, ಆ ಮಂಚದ ಮೇಲೆ ಹೆಂಡತಿಯ ತಮ್ಮ ನಾದಿಟ್ಟ ಹಿಟ್ಟಿನಂತೆ ಉಬ್ಬಿ ಹರಡಿಕೊಂಡಿರುತ್ತಿದ್ದ. ನಾಲ್ಕು ದಿನಕ್ಕೆಂದು ಬಂದವನು ಎರಡು ವರ್ಷವಾದರೂ ಎದ್ದಿರಲಿಲ್ಲ. ಬೇಕರಿಯವನ ಪಾಲಿಗೆ ಅಡುಗೆಮನೆಯ ಮೂಲೆಯೇ ಗತಿ.

ಈಗ ಆ ಭಾಮೈದ ವಾರ್ಡಿನ ಚುನಾವಣೆಗೆ ನಿಂತಿದ್ದ.

"ಗೆದ್ದರೆ ಸರ್ಕಾರದೋರೇ ಮನೆ ಕೊಡ್ತಾರಂತೆ ರೀ," ಎಂದವಳೇ ಹೆಂಡತಿ ಶಾಲೆಗೆ ಪಾಠ ಹೇಳಲು ಹೊರಟಳು.

ಅಷ್ಟು ಸಾಕಾಯಿತು. ಜನ್ಮದಲ್ಲಿ ಮತ ಹಾಕದವನು, ಪಟ್ಟಿಗೆ ಹೆಸರು ಸೇರಿಸಲು ಇವತ್ತೇ ಕೊನೆಯ ದಿನವೆಂದು ತಿಳಿದು, ನಿದ್ದೆಗೆಟ್ಟ ಕಣ್ಣಲ್ಲೇ ಓಡಿಹೋಗಿ ಚುನಾವಣಾ ಕಚೇರಿಯ ಗುಮಾಸ್ತನನ್ನು ಕರೆತಂದ.

"ಆರು ತಿಂಗಳಿಂದ ನೀವು ಇಲ್ಲೇ ವಾಸ ಇದೀರಿ ಅಂತ ಅಕ್ಕಪಕ್ಕದೋರು ಇಬ್ಬರು ಹೇಳಬೇಕು. ನಿಯಮ," ಎಂದ ಗುಮಾಸ್ತ, ಬಾಗಿಲಲ್ಲೇ ನಿಂತು.

ಎದುರುಮನೆ ಅಜ್ಜಿ ಕರೆಯುವ ಮೊದಲೇ ಹಾಜರಾದಳು. "ಆ ಮನೇಲಿ ಟೀಚರಮ್ಮ ಇದಾಳೆ, ಅವಳ ತಮ್ಮ ಇದಾನೆ. ಈ ಯಪ್ಪ ಯಾರೋ!"

"ಅಯ್ಯೋ ಅಜ್ಜಿ, ನಾನು ಟೀಚರಮ್ಮನ ಗಂಡ!"

"ಗಂಡ ಇದಾನೆ ಅಂತ ಕೇಳಿದ್ದೆ. ಕಣ್ಣಾರೆ ನೋಡಿಲ್ಲಪ್ಪ, ಸುಳ್ಳು ಯಾಕೆ ಹೇಳಲಿ?"

ಪಕ್ಕದ ಮನೆಯ ದರ್ಜಿ ಕೊರಳಲ್ಲಿ ಅಳತೆ ಟೇಪಿನ ಸಮೇತ ಇಣುಕಿದ. "ಸಾರ್, ಇಲ್ಲಿ ಮನುಷ್ಯರ ವಿಷಯ ಹಾಗಿರಲಿ. ದಿನಾ ನಸುಕಿನಲ್ಲಿ ಈ ಗೋಡೆ ಪಕ್ಕ ಬೆಳ್ಳಗೆ ಏನೋ ತೇಲಿಕೊಂಡು ಹೋಗುತ್ತೆ. ನಮ್ಮನೇಲಿ ಆ ಹೊತ್ತಿಗೆ ಯಾರೂ ಬಾಗಿಲು ತೆಗೆಯಲ್ಲ."

"ಅದು ನಾನೇ ಕಣಯ್ಯಾ! ಮೈಮೇಲೆ ಮೈದಾ ಹಿಟ್ಟು!"

"ದೆವ್ವಕ್ಕೆ ಮತ ಇಲ್ಲ," ಎಂದು ಗುಮಾಸ್ತ ಪೆನ್ನಿನ ಮುಚ್ಚಳ ಹಾಕಿದ.

ಬೇಕರಿಯವನು ತಲೆ ಚಚ್ಚಿಕೊಂಡ. ಒಳಗೆ ನುಗ್ಗಿ ಭಾಮೈದನನ್ನು ಅಲುಗಾಡಿಸಿದ. "ಏಳೋ, ನಾನು ಯಾರು ಅಂತ ಒಂದು ಮಾತು ಹೇಳು!"

"ಮತ ಕೇಳೋಕೆ ಸಂಜೆ ಬರ್ತೀನಿ, ಹೋಗಿ," ಎಂದು ಭಾಮೈದ ಕಣ್ಣು ಬಿಡದೆ ಮಗ್ಗುಲಾದ.

ಇನ್ನು ಉಳಿದದ್ದು ಒಂದೇ ದಾರಿ. ಅಡುಗೆಮನೆಯ ಹಿಟ್ಟಿನ ಡಬ್ಬಿಯನ್ನು ತಲೆಯ ಮೇಲೆ ಸುರಿದುಕೊಂಡ. ಹಿಂಬಾಗಿಲಿನಿಂದ ಹೊರಬಿದ್ದು, ಭುಜ ಇಳಿಬಿಟ್ಟು, ಕಾಲೆಳೆಯುತ್ತಾ ಗೋಡೆಯ ಪಕ್ಕ ನಡೆದು ಬಂದ.

"ಇದೇ! ಇದೇ ಸಾರ್!" ದರ್ಜಿ ಅಜ್ಜಿಯ ಹಿಂದೆ ಅವಿತ.

"ಹೌದು ಕಣೋ, ನಾನೂ ಕಿಟಕೀಲಿ ನೋಡಿದೀನಿ!" ಎಂದಳು ಅಜ್ಜಿ.

"ದಿನಾ ಬರುತ್ತಾ? ಆರು ತಿಂಗಳಿಂದ?" ಎಂದು ಕೇಳಿದ ಗುಮಾಸ್ತ.

"ಆರು ತಿಂಗಳೇನು, ಎಷ್ಟೋ ವರ್ಷದಿಂದ! ಒಂದು ದಿನ ತಪ್ಪಿಸಿದ್ದರೆ ಕೇಳಿ!" ಎಂದ ದರ್ಜಿ.

"ಖಾಯಂ ನಿವಾಸಿ," ಎಂದು ಗುಮಾಸ್ತ ಬರೆದುಕೊಂಡು ಬೇಕರಿಯವನ ಅರ್ಜಿಗೆ ಮುದ್ರೆ ಒತ್ತಿದ.

ಅಷ್ಟರಲ್ಲಿ ಒಳಗೆ ಫೋನು ಬಡಿದುಕೊಂಡಿತು. "ಭಾವಾ!" ಭಾಮೈದ ಮಲಗಿದಲ್ಲಿಂದಲೇ ಕೂಗಿದ. "ಎದುರಾಳಿ ಹಿಂದೆ ಸರಿದನಂತೆ. ಚುನಾವಣೆನೇ ಇಲ್ಲ. ನಾನು ಗೆದ್ದೆ!"

ಇಷ್ಟು ಪಾಡುಪಟ್ಟು ಪಡೆದ ಮತ ದಂಡವಾಯಿತು. ಆದರೇನು? ಬೇಕರಿಯವನು ಹಿಟ್ಟಿನ ಸಮೇತ ಒಳಗೆ ಓಡಿಬಂದು ಕುಣಿದ. "ಸರ್ಕಾರದ ಮನೆಗೆ ಯಾವತ್ತು ಹೋಗ್ತೀಯಪ್ಪಾ? ಗಂಟುಮೂಟೆ ನಾನೇ ಕಟ್ಟಿಕೊಡ್ತೀನಿ!"

"ಯಾವ ಮನೆ?" ಗುಮಾಸ್ತ ಹುಬ್ಬೇರಿಸಿದ. "ಯಾರೋ ಸುಳ್ಳು ಹೇಳಿದಾರೆ. ಗೆದ್ದವರು ಅರ್ಜೀಲಿ ಕೊಟ್ಟ ವಿಳಾಸದಲ್ಲೇ ಐದು ವರ್ಷ ವಾಸ ಇರಬೇಕು. ಬಿಟ್ಟು ಹೋದರೆ ಪದವಿ ರದ್ದು. ನಿಯಮ."

ಬೇಕರಿಯವನು ಕುಸಿದು ಮಂಚದ ಅಂಚಿನಲ್ಲಿ ಕೂತ.

"ಭಾವಾ," ಎಂದ ಹೊಸ ಸದಸ್ಯ, ದಿಂಬು ಸರಿಮಾಡಿಕೊಳ್ಳುತ್ತಾ, "ಹಾಸಿಗೆಗೆ ಹಿಟ್ಟು ಬೀಳ್ತಿದೆ. ಸ್ವಲ್ಪ ಆ ಕಡೆ ನಿಂತ್ಕೋತೀರಾ?"