ಕಡ್ಲೆಬೀಜದ ತಕ್ಕಡಿಗೆ ಕಾವಲು

ಈ ವಿಷಯ ಹೇಳಿಬಿಡಬೇಕು ಎಂದುಕೊಂಡು ಬಹಳ ಕಾಲವಾಯಿತು. ಮೊದಲು ನಿವೃತ್ತಿಯಾಗಲಿ ಎಂದುಕೊಂಡೆ, ಆಯಿತು. ಆಮೇಲೆ ಮಗಳ ಮದುವೆ ಮುಗಿಯಲಿ ಎಂದುಕೊಂಡೆ, ಮುಗಿಯಿತು. ಕಣ್ಣಿನ ಪೊರೆ ತೆಗೆಸಿ, ಕಾಗದ ಸರಿಯಾಗಿ ಕಂಡ ಮೇಲೆ ಬರೆಯೋಣ ಎಂದುಕೊಂಡೆ. ಈಗ ಕಾಗದ ಚೆನ್ನಾಗಿ ಕಾಣುತ್ತಿದೆ, ನೆಪ ಮುಗಿದಿದೆ. ಮನುಷ್ಯ ದೊಡ್ಡ ತಪ್ಪನ್ನು ಹೇಗೋ ಒಪ್ಪಿಕೊಳ್ಳುತ್ತಾನೆ, ಅದರಲ್ಲಿ ಒಂದಿಷ್ಟು ಗತ್ತಾದರೂ ಇರುತ್ತದೆ. ನಾಲ್ಕು ಕಡ್ಲೆಬೀಜ ತಿಂದೆ ಎಂದು ಒಪ್ಪಿಕೊಳ್ಳುವುದರಲ್ಲಿ ಯಾವ ಗತ್ತೂ ಇಲ್ಲ.

ನಾನು ಮಧುಗಿರಿಯಲ್ಲಿ ಶಾಲಾ ಮೇಷ್ಟ್ರುಗಳಿಗೆ ತರಬೇತಿ ಕೊಡುವ ಒಂದು ಸಂಸ್ಥೆಯಲ್ಲಿ ಅಟೆಂಡರ್ ಆಗಿದ್ದೆ. ಸಂಸ್ಥೆಯ ಹೆಸರು ಬೇಡ. ತಪ್ಪು ಸಂಸ್ಥೆಯದಲ್ಲ, ನನ್ನ ಬಾಯಿಯದು. ಓದಿದ್ದು ಎಸ್ಸೆಸ್ಸೆಲ್ಸಿ. ಗಣಿತದಲ್ಲಿ ಹೇಗೆ ಪಾಸಾದೆ ಎನ್ನುವುದು ನನಗೂ ಗೊತ್ತಿಲ್ಲ, ನನಗೆ ಪಾಠ ಹೇಳಿದ ಮೇಷ್ಟ್ರಿಗಂತೂ ಕೊನೆಯವರೆಗೂ ಗೊತ್ತಾಗಲಿಲ್ಲ. ನಮ್ಮಲ್ಲಿ ನಡೆಯುತ್ತಿದ್ದುದು ಕೈಯಿಂದ ಮಾಡಿ ಕಲಿಯುವ ವಿಜ್ಞಾನ ಮತ್ತು ಗಣಿತದ ತರಬೇತಿ. ಊರಲ್ಲಿ ಸಿಗುವ ಸಾಮಾನಿನಲ್ಲೇ ಎಲ್ಲವನ್ನೂ ಮಾಡಬೇಕು ಎಂಬುದು ಅದರ ನಿಯಮ. ಖಾಲಿ ಬಾಟಲಿ, ಬೆಂಕಿಪೊಟ್ಟಣ, ಹಳೇ ಸೈಕಲ್ ಟ್ಯೂಬು, ಪೊರಕೆ ಕಡ್ಡಿ, ಒಡೆದ ಬಳೆ, ಹುಣಸೆಬೀಜ. ಇವನ್ನೆಲ್ಲ ಆಯ್ದು ತಂದು ಟ್ರಂಕಿಗೆ ತುಂಬುವುದು ನನ್ನ ಕೆಲಸ. ಒಂದು ದಿನ ಬಸ್ ಸ್ಟ್ಯಾಂಡಿನಲ್ಲಿ ನಾನು ಬಾಟಲಿ ಆಯುತ್ತಿದ್ದುದನ್ನು ಕೊಳಾಲದಿಂದ ಬಂದ ನನ್ನ ಭಾವಮೈದ ನೋಡಿದ. ನನ್ನನ್ನು ಮಾತಾಡಿಸದೆ ನೇರ ನಮ್ಮ ಮನೆಗೆ ಹೋಗಿ, "ಅಕ್ಕಾ, ಭಾವ ಬಸ್ ಸ್ಟ್ಯಾಂಡಲ್ಲಿ ಬಾಟ್ಲಿ ಆಯ್ತಾವ್ರೆ ಕಣಕ್ಕ. ಮನೇಲಿ ಏನಾದ್ರೂ ತೊಂದ್ರೆ ಇದ್ರೆ ನಮ್ಗೊಂದು ಮಾತು ಹೇಳ್ಬಾರ್ದಾ?" ಎಂದನಂತೆ. ನನ್ನ ಹೆಂಡತಿ, "ತೊಂದ್ರೆ ಏನಿಲ್ಲ ಕಣ್ಲಾ, ಆವಯ್ಯನ ಕೆಲ್ಸಾನೇ ಅದು" ಎಂದಳಂತೆ. ಅವನು ಇನ್ನೂ ಗಾಬರಿಯಾಗಿ ಊಟ ಮಾಡದೆ ಹೊರಟುಹೋದ.

ಇನ್ನು ಕಡ್ಲೆಕಾಯಿಯ ವಿಷಯ. ನಮ್ಮ ಸೀಮೆಯವರ ಕೈಗೆ ಒಂದು ಗುಣವಿದೆ. ಕಡ್ಲೆಕಾಯಿ ಕಂಡರೆ ಅದು ತಲೆಯ ಅಪ್ಪಣೆ ಕೇಳುವುದಿಲ್ಲ. ಮಿಡಿಗೇಶಿಯ ಕಡೆ ಕಣದಲ್ಲಿ ರಾಶಿ ಹಾಕಿರುವಾಗ ಹಾದುಹೋಗುವವನು ಬಗ್ಗಿ ಒಂದು ಹಿಡಿ ಎತ್ತಿಕೊಳ್ಳದಿದ್ದರೆ ರಾಶಿಯ ಒಡೆಯನೇ, "ಯಾಕಣ್ಣ, ಮೈಯಾಗೆ ಹುಷಾರಿಲ್ವಾ?" ಎಂದು ಕೇಳುತ್ತಾನೆ. ಅಂಗಡಿಯ ಮುಂದೆ ನಿಂತು ರೇಟು ಕೇಳುತ್ತಾ ತಿನ್ನುತ್ತೇವೆ, ರೇಟು ಜಾಸ್ತಿಯಾಯಿತು ಎನ್ನುತ್ತಾ ತಿನ್ನುತ್ತೇವೆ, ಹೊಟ್ಟೆ ತುಂಬಿದ ಮೇಲೆ ಬೇಡವೆಂದು ಹೋಗುತ್ತೇವೆ. ಇದನ್ನು ನಮ್ಮಲ್ಲಿ ಯಾರೂ ಕಳ್ಳತನ ಎನ್ನುವುದಿಲ್ಲ. ನಾನು ಇದನ್ನೆಲ್ಲ ಹೇಳುತ್ತಿರುವುದು ತಪ್ಪಿಸಿಕೊಳ್ಳುವುದಕ್ಕಲ್ಲ. ಸ್ವಲ್ಪ ಮಟ್ಟಿಗೆ ತಪ್ಪಿಸಿಕೊಳ್ಳುವುದಕ್ಕೇ.

ಆ ವರ್ಷದ ತರಬೇತಿಗೆ ಪಾವಗಡದ ಗಡಿ ಹಳ್ಳಿಯೊಂದರಿಂದ ಒಬ್ಬ ಮೇಡಂ ಬಂದಿದ್ದರು. ಕೊನೆಯ ದಿನ ಎಲ್ಲರೂ ತಾವು ಮಾಡಿದ್ದನ್ನು ತೋರಿಸಿ ಒಂದು ಪಾಠ ಮಾಡಬೇಕು. ಚೆನ್ನಾಗಿ ಮಾಡಿದ ಒಬ್ಬರನ್ನು ಆರಿಸಿ, ಸಿರಾ, ಕೊರಟಗೆರೆ, ಪಾವಗಡಕ್ಕೆ ಜೀಪಿನಲ್ಲಿ ಕಳಿಸುತ್ತಾರೆ, ಅಲ್ಲಿನ ಮೇಷ್ಟ್ರುಗಳಿಗೆ ಅವರೇ ಕಲಿಸಬೇಕು. ಮೇಡಂಗೆ ಅದು ಸಿಗಲೇಬೇಕಿತ್ತು. ಯಾಕೆಂದು ನನಗೆ ಹೇಳಿದರು. ಎಲ್ಲರ ಲೋಟಕ್ಕೂ ಟೀ ಬಗ್ಗಿಸುವವನಿಗೆ ಜನ ತಮ್ಮ ಮನಸ್ಸಿನಲ್ಲಿರುವುದನ್ನು ಹೇಳುತ್ತಾರೆ.

"ಪಾವಗಡದಾಗೆ ಟ್ರೈನಿಂಗು ನಾನು ಓದಿದ ಸ್ಕೂಲಲ್ಲೇ ಅಂತಣ್ಣಾ. ಅದೇ ರೂಮ್ನಾಗೆ ಎಕ್ಸ್ ಅಂದ್ರೆ ಏನು ಸಾರ್ ಅಂತ ಕೇಳಿದ್ದಕ್ಕೆ ನನ್ನ ಬೆಂಚ್ ಮೇಲೆ ನಿಲ್ಲಿಸಿದ್ರು. ಕ್ಲಾಸೆಲ್ಲಾ ನಗ್ತು. ಒಂದ್ಸಲ ಆ ಬೋರ್ಡ್ ಮುಂದೆ ನಿಂತ್ಕೊಂಡು ಎಕ್ಸ್ ಅಂದ್ರೆ ಇದಪ್ಪಾ ಅಂತ ತೋರಿಸಿ ಬಂದ್ಬುಡ್ಬೇಕು. ಅಷ್ಟೇ ನನ್ನಾಸೆ."

ಅವರು ಮಾಡಿದ್ದು ತಕ್ಕಡಿ. ಎರಡು ಕರಟವನ್ನು ಗಾಜಿನ ಚೂರಿನಿಂದ ಹೆರೆದು ಹೆರೆದು ಕಾಗದದಷ್ಟು ತೆಳ್ಳಗೆ ಮಾಡಿ, ಬಿದಿರು ದಬ್ಬೆಯ ಎರಡು ತುದಿಗೆ ಕಟ್ಟಿ, ನಡುವೆ ಗೋಣಿದಾರ ಹಾಕಿ ತೂಗುಬಿಟ್ಟಿದ್ದರು. ಕಡ್ಲೆಬೀಜವನ್ನು ಒಂದೇ ಗಾತ್ರದ್ದು ಆರಿಸಿ, ಉಪ್ಪುನೀರು ಚಿಮುಕಿಸಿ ಹುರಿದಿದ್ದರು. ಯಾಕೆ ಹುರಿದಿರಿ ಎಂದರೆ, "ಪಾಠ ಮುಗಿದ ಮೇಲೆ ಹಂಚ್ಬೇಕಲ್ಲಣ್ಣಾ, ಹಸೀದು ತಿಂದ್ರೆ ಮಕ್ಕಳಿಗೆ ಪಿತ್ತ ಆಗಲ್ವಾ" ಎಂದರು. ಎಡಗಡೆ ಕರಟದಲ್ಲಿ ಒಂದು ಮುಚ್ಚಿದ ಬೆಂಕಿಪೊಟ್ಟಣ, ಅದರ ಪಕ್ಕ ಐದು ಬೀಜ. ಬಲಗಡೆ ಹದಿಮೂರು ಬೀಜ, ಜೊತೆಗೆ ಪೊಟ್ಟಣದ ತೂಕಕ್ಕೆ ಸರಿಯಾಗಿ ಇನ್ನೊಂದು ಖಾಲಿ ಪೊಟ್ಟಣ. ತಕ್ಕಡಿ ಸಮ. ಮುಚ್ಚಿದ ಪೊಟ್ಟಣದೊಳಗೆ ಎಷ್ಟು ಬೀಜ ಇದೆಯೋ ಅದೇ ಎಕ್ಸ್. ಎರಡೂ ಕಡೆಯಿಂದ ಐದೈದು ತೆಗೆದರೆ ಬಲಗಡೆ ಉಳಿಯುವುದೇ ಉತ್ತರ. ಪೊಟ್ಟಣ ತೆರೆದು ತೋರಿಸಿದರೆ ಪಾಠ ಮುಗಿಯಿತು.

ಕೊನೆಯ ದಿನ ಊಟದ ಬಿಡುವಿನಲ್ಲಿ ಎಲ್ಲವನ್ನೂ ಹೊಂದಿಸಿಟ್ಟು, "ಅಣ್ಣಾ, ಕೈಕಾಲು ಮುಖ ತೊಳ್ಕೊಂಡು ಬಂದ್ಬುಡ್ತೀನಿ. ಯಾರೂ ಮುಟ್ಟದಂಗೆ ಸ್ವಲ್ಪ ನೋಡ್ಕೊಳ್ರಿ" ಎಂದು ಹೋದರು. ನಾನು ಸ್ಟೂಲು ಎಳೆದುಕೊಂಡು ಕೂತೆ. ಅಷ್ಟು ನಿಷ್ಠೆಯಿಂದ ನಾನು ಯಾವ ಕೆಲಸವನ್ನೂ ಮಾಡಿಲ್ಲ. ಸಿರಾದಿಂದ ಬಂದಿದ್ದ ಬಾಷಾ ಮೇಷ್ಟ್ರು ಹತ್ತಿರ ಬಂದು, "ಅರೆ ಭಾಯ್, ಎರಡು ದಾನಾ ಕೊಡಿ, ಸಾರು ಸಪ್ಪೆ ಇತ್ತು, ಬಾಯಿ ಕೆಟ್ಟೋಗೈತೆ" ಎಂದು ಕೈ ಚಾಚಿದರು.

"ಮುಟ್ಬ್ಯಾಡಿ ಸಾರ್! ಪಾಠದ ಸಾಮಾನು. ನನ್ನ ನಂಬಿ ಬುಟ್ಟೋಗವ್ರೆ" ಎಂದು ಗದರಿಸಿದೆ.

"ಬಾಪ್ ರೇ, ಪೊಲೀಸ್ನೋರೂ ಇಷ್ಟು ಸ್ಟ್ರಿಕ್ಟ್ ಇರಲ್ಲಪ್ಪ" ಎಂದು ಅವರು ನಗುತ್ತಾ ಹೋದರು. ನಾನು ಇನ್ನೂ ಏನೋ ಹೇಳಲು ಬಾಯಿ ತೆರೆದೆ. ಮಾತಿಗೆ ಏನೋ ಅಡ್ಡ ಬಂತು. ಅಗಿದು ನುಂಗಿದೆ. ಉಪ್ಪು ಹದವಾಗಿತ್ತು. ಆಗ ತಕ್ಕಡಿಯ ಕಡೆ ನೋಡಿದರೆ ಬಲಗಡೆ ಕರಟ ಮೇಲಕ್ಕೆ ಎದ್ದು ನಿಂತಿದೆ. ಎಣಿಸಿದರೆ ಒಂಬತ್ತೇ ಬೀಜ.

ಬದಲು ಹಾಕೋಣವೆಂದರೆ ಉಳಿದ ಬೀಜ ಮೇಡಂ ಬ್ಯಾಗಿನಲ್ಲಿತ್ತು, ಬ್ಯಾಗು ಮೇಡಂ ಹೆಗಲಲ್ಲಿತ್ತು, ಮೇಡಂ ಬಾಗಿಲಲ್ಲಿದ್ದರು. ಅವರ ಹಿಂದೆಯೇ ತರಬೇತಿಯ ಮುಖ್ಯಸ್ಥರೂ ಉಳಿದ ಮೇಷ್ಟ್ರುಗಳೂ ಬಂದು ಕೂತರು. ಮೇಡಂ ವಾಲಿದ ತಕ್ಕಡಿ ನೋಡಿ, "ಅಯ್ಯೋ ದ್ಯಾವುಡಾ, ದಾರ ಜಾರೈತೆ" ಎಂದುಕೊಂಡು ನಡುವಿನ ದಾರವನ್ನು ಸ್ವಲ್ಪ ಸರಿಸಿ ಸಮ ಮಾಡಿದರು. ಸರಿಯಾಗಿದ್ದ ತಕ್ಕಡಿ ನನ್ನಿಂದಾಗಿ ಅವರ ಕೈಯಲ್ಲೇ ತಪ್ಪು ತಕ್ಕಡಿಯಾಯಿತು. ಆಗ ಎದ್ದು ನಿಂತು ಒಂದು ಮಾತು ಹೇಳಿದ್ದರೆ ಎಲ್ಲರೂ ನಕ್ಕು ಮರೆಯುತ್ತಿದ್ದರು. ಆದರೆ ಬಾಷಾ ಮೇಷ್ಟ್ರು ಎದುರಿಗೇ ಕೂತಿದ್ದರು. ಈಗತಾನೇ ಗದರಿಸಿಕೊಂಡವರ ಮುಂದೆ ಹೇಗೆ ಹೇಳುವುದು? ಸುಮ್ಮನೆ ಕಿಟಕಿ ಒರೆಸುತ್ತಾ ನಿಂತೆ.

ಮೇಡಂ ಪಾಠ ಎಷ್ಟು ಚೆನ್ನಾಗಿತ್ತೆಂದರೆ, ಎಕ್ಸ್ ಎಂದರೇನೆಂದು ನನಗೆ ತಿಳಿದದ್ದೇ ಆವತ್ತು. "ಒಂದ್ ಕಡೆ ಎಷ್ಟು ತೆಗೀತೀರೋ ಇನ್ನೊಂದ್ ಕಡೆನೂ ಅಷ್ಟೇ ತೆಗೀಬೇಕು. ಆಗ ಸಮ ಕೆಡಲ್ಲ" ಎಂದರು. ಅಂದರೆ ನಾನು ಎಡಗಡೆಯಿಂದಲೂ ನಾಲ್ಕು ತಿಂದಿದ್ದರೆ ಉತ್ತರ ಸರಿಯಾಗಿಯೇ ಬರುತ್ತಿತ್ತು. ಗಣಿತ ಬಾರದವನು ಕದಿಯಲೂಬಾರದು ಎಂದು ಕಿಟಕಿಯ ಹತ್ತಿರ ನಿಂತು ಕಲಿತೆ. ಅವರು ಎರಡೂ ಕಡೆಯಿಂದ ಐದೈದು ತೆಗೆದರು. ತಕ್ಕಡಿ ಸ್ವಲ್ಪ ವಾಲಿತು, ಬೆರಳಿನಿಂದ ತಡೆದರು. ಬಲಗಡೆ ಉಳಿದದ್ದನ್ನು ಎಲ್ಲರೂ ಕೂಗಿ ಎಣಿಸಿದರು, ನಾಲ್ಕು. ಮೇಡಂ ಮುಖ ಒಂದು ಗಳಿಗೆ ಬಿಳಚಿಕೊಂಡಿತು. ಆದರೂ ಪೊಟ್ಟಣ ತೆರೆದರು. ಎಂಟು.

"ಮೇಡಂ, ಇದು ಸಂತೆ ತಕ್ಕಡಿ ಇದ್ದಂಗೈತಲ್ಲ! ಅರ್ಧಕ್ಕರ್ಧ ಹೊಡೀತೈತೆ" ಎಂದರು ಮುಖ್ಯಸ್ಥರು. ಅವರು ಕೆಟ್ಟ ಮನುಷ್ಯರಲ್ಲ. ಹಾಲ್ ತುಂಬಾ ನಗು. ಮೇಡಂ ಕರಟ ನೋಡಿದರು, ದಾರ ನೋಡಿದರು, ಆಮೇಲೆ ನನ್ನನ್ನು ನೋಡಿದರು.

"ಅಣ್ಣಾ, ಯಾರಾದ್ರೂ ಮುಟ್ಟಿದ್ರಾ?"

"ಇಲ್ಲ ಮೇಡಂ. ಯಾರೂ ಮುಟ್ಟಿಲ್ಲ" ಎಂದೆ. ಬಾಷಾ ಮೇಷ್ಟ್ರು ಪಾಪ, "ಹೌದ್ ಮೇಡಂ, ನಂಗೇ ಕೊಡ್ಲಿಲ್ಲ ಇವ್ರು" ಎಂದು ನನಗೆ ಸಾಕ್ಷಿ ಬೇರೆ ಹೇಳಿದರು.

ಮೇಡಂ ಆಮೇಲೆ ಹೇಳಿದ್ದಂತೆ ಬ್ಯಾಗಿನಿಂದ ಬೀಜ ತೆಗೆದು, ಸಾಲಾಗಿ ಎಲ್ಲರ ಕೈಗೂ ಒಂದೊಂದು ಹಿಡಿ ಹಾಕುತ್ತಾ ಬಂದರು. ನನ್ನ ಹತ್ತಿರ ಬಂದಾಗ ನಾನೂ ಕೈ ಒಡ್ಡಿದೆ. ಹೇಳಿದೆನಲ್ಲ, ಈ ಕೈ ತಲೆಯನ್ನು ಕೇಳುವುದಿಲ್ಲ. ಅವರು ನನ್ನ ಷರ್ಟಿನ ಮೇಲೆ ಬಿದ್ದಿದ್ದ ಕೆಂಪು ಸಿಪ್ಪೆಯನ್ನು ನೋಡಿ, ಬೇರೆ ಯಾರಿಗೂ ಕೇಳಿಸದ ಹಾಗೆ, "ನಿಮ್ದು ಆಗೈತಲ್ಲಣ್ಣಾ" ಎಂದು ಮುಂದಕ್ಕೆ ಹೋದರು.

ಜೀಪಿನಲ್ಲಿ ಹೋದದ್ದು ಬಾಷಾ ಮೇಷ್ಟ್ರು, ಬಲೂನಿನ ರಾಕೆಟ್ಟಿನೊಂದಿಗೆ. ಟ್ರಂಕು ಹೊತ್ತವನು ನಾನು. ಪಾವಗಡದ ಆ ಶಾಲೆಯಲ್ಲಿ ತಾಲ್ಲೂಕಿನ ಮೇಷ್ಟ್ರುಗಳ ನಡುವೆ ಮೇಡಂ ಕೂಡ ಬೆಂಚಿನ ಮೇಲೆ ಕೂತಿದ್ದರು, ಬೋರ್ಡಿನ ಕಡೆ ನೋಡುತ್ತಾ. ಅವತ್ತು ಹೇಳಿಬಿಡೋಣ ಎಂದು ಹತ್ತಿರ ಹೋದೆ. "ಟೀ ಕೊಡ್ಲಾ ಮೇಡಂ?" ಎಂದು ಕೇಳಿ ಬಂದೆ. ಮುಂದೊಮ್ಮೆ ಕ್ಷಮೆ ಕೇಳಲೆಂದೇ ಬಸ್ಸು ಹತ್ತಿ ಪಾವಗಡದವರೆಗೆ ಹೋಗಿದ್ದೆ. ಅವರ ಹಳ್ಳಿಯ ಬಸ್ಸು ತಡವಾಗುತ್ತದೆ ಎಂದರು. ಕಾಯುತ್ತಾ ಕಡ್ಲೆಕಾಯಿ ತಿಂದೆ, ಮಧುಗಿರಿ ಬಸ್ಸು ಬಂತು, ವಾಪಸ್ಸು ಬಂದೆ.

ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎಂದು ಗಾದೆ. ನನಗೆ ಆವತ್ತು ಎರಡೂ ಇದ್ದವು. ಈಗ ಹಲ್ಲು ಹೋಗಿದೆ. ಹೆಂಡತಿ ಕಡ್ಲೆಬೀಜ ಕುಟ್ಟಿ ಪುಡಿ ಮಾಡಿ ಕೊಡುತ್ತಾಳೆ, ಅದನ್ನೂ ಬಿಟ್ಟಿಲ್ಲ. ಪಶ್ಚಾತ್ತಾಪವೂ ಇದೆ, ಪುಡಿಯೂ ಇದೆ. ಮೇಡಂ ತಮ್ಮ ಪಾಠದಲ್ಲಿ, ಗೊತ್ತಿಲ್ಲದ್ದನ್ನು ಮುಚ್ಚಿಟ್ಟು ಎಕ್ಸ್ ಅನ್ನುತ್ತೇವೆ, ಕೊನೆಗೆ ತೆರೆದು ತೋರಿಸಬೇಕು, ತೋರಿಸದಿದ್ದರೆ ಲೆಕ್ಕ ಮುಗಿಯಲಿಲ್ಲ ಎಂದಿದ್ದರು. ನಾನು ಇಷ್ಟು ಹೊತ್ತೂ ಮೇಡಂ, ಮೇಡಂ ಎಂದು ಮುಚ್ಚಿಟ್ಟೇ ಬರೆದೆ. ಅವರ ಹೆಸರು ಲಕ್ಷ್ಮೀನರಸಮ್ಮ.